ಟವೆಲಿನಡಿಯ ಐದನೆಯ ಬೆರಳು

ಇದನ್ನು ಬರೆಯಲು ಎಷ್ಟೋ ಸಲ ಕುಳಿತು, ಪೆನ್ನಿನ ರೀಫಿಲ್ ಸರಿಯಿಲ್ಲವೆಂದು ಎದ್ದುಹೋಗಿದ್ದೇನೆ. ರೀಫಿಲ್ ಸರಿಯಾಗಿಯೇ ಇತ್ತು.

ನಾನು ದನದ ದಲ್ಲಾಳಿಯಾಗಿದ್ದೆ. ಹಿರಿಯೂರಿನಲ್ಲಿ ಹೈಸ್ಕೂಲು ಶಿಕ್ಷಕರಿಗೆ ಅರ್ಥಶಾಸ್ತ್ರದ ತರಬೇತಿ ನಡೆದಾಗ, ಸಂತೆಯಲ್ಲಿ ಬೆಲೆ ಹೇಗೆ ಕುದುರುತ್ತದೆಂದು ತೋರಿಸಲು ನನ್ನನ್ನು ಕರೆದರು. ಇಸ್ತ್ರಿ ಅಂಗಿ ತೊಟ್ಟು ಹೊರಟರೆ ಹೆಂಡತಿ, "ಸಮಾಜ ವಿಜ್ಞಾನದಾಗೆ ಎರಡು ಸಲ ಫೇಲಾದೋರು ಮೇಷ್ಟ್ರಿಗೇ ಪಾಠ ಮಾಡ್ತಾರಂತೆ!" ಎಂದು ನಕ್ಕಳು.

ಅಲ್ಲಿ ವ್ಯಾಪಾರದ ಆಟಕ್ಕೆ ಒಬ್ಬರು ಮೇಡಂ ಎತ್ತು ಮಾರುವವರಾದರು, ಒಬ್ಬರು ಮೇಷ್ಟ್ರು ಕೊಳ್ಳುವವರು. ಬೆರಳಿಗೆ ಹತ್ತು ಸಾವಿರದ ಲೆಕ್ಕ. ಸಂತೆಯಲ್ಲಿ ಮಾಡುವಂತೆಯೇ ಯಾರಿಗೂ ಕಾಣದಂತೆ ಟವೆಲಿನಡಿ ಒಬ್ಬೊಬ್ಬರ ಬೆರಳನ್ನೂ ಹಿಡಿದು ಬೆಲೆ ತಿಳಿಸಿ, "ವ್ಯಾಪಾರ ಕುದುರ್ತು!" ಎಂದೆ.

ಮೇಡಂ ಆ ಮೇಷ್ಟ್ರನ್ನು ಕೇಳಿದರು: "ಸರ್, ನಿಮಗೆಷ್ಟು ಬೆರಳು ಹಿಡುದ್ರು?"

"ಐದು."

"ನನಗೆ ನಾಲ್ಕೇ ಹಿಡುದ್ರಲ್ಲ! ಇನ್ನೊಂದು ಯಾರಿಗೆ?"

ನನಗೇ. ಇಬ್ಬರಿಗೂ ಬೇರೆ ಬೇರೆ ಬೆಲೆ ಹೇಳಿ ನಡುವಿನದನ್ನು ನುಂಗುವುದೇ ನನ್ನ ಕಸುಬು. ಎತ್ತೂ ಇಲ್ಲದ, ದುಡ್ಡೂ ಇಲ್ಲದ ಆಟದಲ್ಲೂ ಕೈ ಅದನ್ನೇ ಮಾಡಿತ್ತು. ಒಪ್ಪಿಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ಪಾಠವಿರಲಿಲ್ಲ. "ಬೆರಳು ಎಣಿಸಾಕೇ ಬರಲ್ಲ, ಈ ಮೇಡಂ ಮಕ್ಕಳಿಗೇನು ಕಲಿಸ್ತಾರಪ್ಪ!" ಎಂದುಬಿಟ್ಟೆ. ಕೊಠಡಿಯೆಲ್ಲ ನಕ್ಕಿತು. ಮರುದಿನ ಎಲ್ಲರೆದುರು ಮಾದರಿ ಪಾಠ ಮಾಡಬೇಕಿದ್ದ ಅವರು, ತಮ್ಮಿಂದಾಗದೆಂದು ಹಿಂದೆ ಸರಿದರಂತೆ. ಆಟ ಮುಗಿದಾಗ ತರಬೇತಿ ನಡೆಸುವವರು ನನಗೆ ಶಾಲು ಹೊದಿಸಿದರು. ನಾನೂ ಸೆಟೆದು ನಿಂತು ಹೊದಿಸಿಕೊಂಡೆ.

ಕಸುಬು ಬಿಟ್ಟ ಮೇಲೆ ಎಷ್ಟೋ ರೈತರ ಕೈಹಿಡಿದು ತಪ್ಪಾಯಿತೆಂದಿದ್ದೇನೆ, ಈ ಸಲ ಟವೆಲಿಲ್ಲದೆ. ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಒಬ್ಬರನ್ನೇ: ಬೆರಳನ್ನು ಸರಿಯಾಗಿ ಎಣಿಸಿದ್ದ, ಮಾಡದಕೆರೆ ಕಡೆಯ ಆ ಮೇಡಂ.