ಅತ್ತೆ ಒಣಹಾಕಿದ ಹರಳುಕಾಯಿ

ತಣಿಸಂದ್ರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಖಾಲಿ ಸೈಟಲ್ಲಿ ಹರಳು ಗಿಡ ಮುಳ್ಳುಮುಳ್ಳು ಕಾಯಿ ಬಿಟ್ಟಿದೆ. ಇವತ್ತು ಅದನ್ನೇ ನೋಡುತ್ತಾ ನಿಂತುಬಿಟ್ಟೆ.

ಚಿಕ್ಕವಳಿದ್ದಾಗ ಅಮ್ಮ ಆಸ್ಪತ್ರೆ ಸೇರಿದಳೆಂದು ನನ್ನನ್ನು ರಾಜಾನುಕುಂಟೆಯಲ್ಲಿದ್ದ ಅಪ್ಪನ ಅಕ್ಕನ ಮನೆಗೆ ಬಿಟ್ಟಿದ್ದರು. ಮಾವ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅತ್ತೆ ಒಬ್ಬಳೇ. ಹಿತ್ತಲಿನ ಹರಳುಕಾಯಿ ಕಿತ್ತು ಅಂಗಳದಲ್ಲಿ ಒಣಹಾಕುತ್ತಿದ್ದಳು. ಬಿಸಿಲೇರಿದಂತೆ ಕಾಯಿ ಚಟ್ಟನೆ ಸಿಡಿದು, ಚುಕ್ಕೆಚುಕ್ಕೆಯ ಬೀಜ ಜಗಲಿವರೆಗೂ ಹಾರುತ್ತಿತ್ತು. ಅದನ್ನು ಆರಿಸುವುದು ನನ್ನ ಕೆಲಸ.

"ಇವೆಲ್ಲ ಸಿಡಿದು ಮುಗೀಲಿ, ನಿಮ್ಮಮ್ಮ ಬತ್ತಾಳೆ" ಅಂದಿದ್ದಳು ಅತ್ತೆ.

ಕಾಯಲಾರದೆ ನಾನೇ ಉಗುರಿನಿಂದ ಬಿಡಿಸತೊಡಗಿದೆ. ಬೆರಳೆಲ್ಲ ಉರಿ. ಆದರೂ ರಾಶಿ ಕರಗಲಿಲ್ಲ. ಒಂದು ಬೆಳಿಗ್ಗೆ ಬೇಗ ಎದ್ದು ನೋಡಿದರೆ, ಅತ್ತೆ ಹೊಸ ಗೊಂಚಲು ತಂದು ರಾಶಿಗೆ ಸೇರಿಸುತ್ತಿದ್ದಳು.

"ಮೋಸ ಮಾಡ್ತಿದ್ದೀಯಾ!" ಅಂತ ಕೂಗಿದೆ.

ಅವಳು ತಲೆ ಎತ್ತಲಿಲ್ಲ. "ನೀನೂ ಒಂಟೋದ್ರೆ ಈ ಮನೇಲಿ ನನ್ಜೊತೆ ಮಾತಾಡೋರು ಯಾರವ್ವ?" ಅಂದಳು.

ಅವತ್ತಿಡೀ ನಾನು ಅವಳ ಜೊತೆ ಮಾತಾಡಲಿಲ್ಲ. ಮರುದಿನವೇ ಅಮ್ಮ ಹುಷಾರಾಗಿ ಬಂದಳು. ಅಮ್ಮನ ಸೆರಗು ಹಿಡಿದು ಬಸ್ ಹತ್ತಿದೆ.

ಅತ್ತೆ ಈಗಿಲ್ಲ. ನನಗೀಗ ಅವಳ ಆಗಿನ ವಯಸ್ಸು, ಮನೆಯಲ್ಲಿ ನಾನೊಬ್ಬಳೇ. ಆ ಒಂದು ದಿನ ಏನಾದರೂ ಮಾತಾಡಬೇಕಿತ್ತು.