ಹೊಗೆಯಿಲ್ಲದ ಮದ್ದು

ದ್ಯಾವಯ್ಯಣ್ಣ ನನ್ನ ದೊಡ್ಡಪ್ಪನ ಮಗ. ನಾಗಮಂಗಲದ ಕಡೆಯ ನಮ್ಮ ಊರಿನಲ್ಲಿ ಲೈಸೆನ್ಸು ಇದ್ದ ಕೋವಿ ಅವನದೊಂದೇ, ಬಾಯಿಂದ ಮದ್ದು ತುಂಬುವ ಹಳೆಯ ಒಂಟಿ ನಳಿಗೆ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಊರಿಗೆ ಊರೇ ಅವನ ಬಾಗಿಲಿಗೆ ಬರುತ್ತಿತ್ತು. ಆ ಠೀವಿ ಅವನಿಗೆ ಬಲು ಇಷ್ಟ. ಮದ್ದು, ನಾರು, ಚರೆ ಹಾಕಿ ಗಜದ ಕಡ್ಡಿಯಿಂದ ಜಡಿದಾಗ, ಕಡ್ಡಿ ನಳಿಗೆಯಿಂದ ನಾಲ್ಕು ಬೆರಳು ಹೊರಗೆ ಉಳಿಯಬೇಕು. ಅವರಪ್ಪ ಕಲಿಸಿದ ಅಳತೆ ಅದು. ಬೇರೆ ಅಳತೆ ಅವನಿಗೆ ಗೊತ್ತಿರಲಿಲ್ಲ.

ಕರಿಮದ್ದಿನ ಮಸಿ ಕಬ್ಬಿಣ ತಿನ್ನುತ್ತದೆ. ಅದಕ್ಕೇ ಪ್ರತಿ ಸಲ ಈಡು ಹಾರಿಸಿದ ಮೇಲೂ ಮಂಗಳಮ್ಮ ಅತ್ತಿಗೆ ನಳಿಗೆಗೆ ಕುದಿನೀರು ಸುರಿದು ತೊಳೆಯಬೇಕಿತ್ತು. "ನಾನು ಬಾಣಂತಿ ಆದಾಗ್ಲೂ ಇಷ್ಟು ನೀರು ಕಾಯಿಸ್ಲಿಲ್ಲ" ಎಂದು ಗೊಣಗುತ್ತಲೇ ತೊಳೆಯುತ್ತಿದ್ದಳು.

ತೊಂಬತ್ತಾರರಲ್ಲಿ ಪೇಟೆಯಲ್ಲಿ ಕರಿಮದ್ದು ಸಿಗುವುದು ನಿಂತಿತು. ಆಗ ನಾನು ಪಾಂಡವಪುರದ ಒಬ್ಬ ಸಾಹುಕಾರರ ಜೀಪು ಓಡಿಸುತ್ತಿದ್ದೆ. ಅವರ ಬೀರುವಿನಿಂದ ಬಂದೂಕಿನ ಒಂದು ಡಬ್ಬಿ ತೋಟಾ ಕದ್ದು, ಬಿಚ್ಚಿ, ಒಳಗಿನ ಬೂದುಬಣ್ಣದ ಪುಡಿಯನ್ನು ಅಣ್ಣನಿಗೆ ಕೊಟ್ಟೆ.

"ಇದ್ಕೂ ನಾಲ್ಕು ಬೆರಳೇ ಏನ್ಲಾ?" ಎಂದ.

"ಮದ್ದು ಮದ್ದೇ ಕಣಣ್ಣ" ಎಂದೆ. ಇದರ ಜೋರು ಕರಿಮದ್ದಿನ ಎಷ್ಟೋ ಪಾಲು ಎಂಬುದು ನನಗೇನು ಗೊತ್ತಿತ್ತು, ಮಣ್ಣು! ಮಹಾ ತಿಳಿದವನ ಹಾಗೆ ಹೇಳಿಬಿಟ್ಟೆ.

ಆದರೂ ಅಣ್ಣ ಹುಷಾರಿನ ಆಸಾಮಿ. ಮೊದಲ ಸಲ ಕೋವಿಯನ್ನು ಹೊಂಗೆಮರಕ್ಕೆ ಬಿಗಿದು, ಬದುವಿನ ಹಿಂದೆ ಮಲಗಿ ದಾರ ಎಳೆದ. ಚಾಟಿ ಬೀಸಿದಂಥ ಚುರುಕು ಸದ್ದು. ಹೊಗೆಯಿಲ್ಲ, ನಳಿಗೆಯಲ್ಲಿ ಮಸಿಯೂ ಇಲ್ಲ. "ಇನ್ಮೇಲೆ ನೀರು ಕಾಯ್ಸೋ ಗೋಳು ತಪ್ತು ಬುಡಮ್ಮಿ" ಎಂದು ಹೆಂಡತಿಗೆ ಹೇಳಿ ನಕ್ಕ. ತೊಳೆಯುವುದು ಅಂದಿಗೇ ನಿಂತಿತು.

ಎಂಟು ಹತ್ತು ಈಡು ಹಾಗೇ ಹೋದವು. ಆಯುಧಪೂಜೆಯ ಬೆಳಿಗ್ಗೆ, ತೊಳೆಯದೆ ಪೂಜೆಗಿಡುವುದು ಹೇಗೆಂದು ಅತ್ತಿಗೆ ನಳಿಗೆಗೆ ಬಿಸಿನೀರು ಸುರಿದಳು. ನಾನು ಜಗಲಿಯಲ್ಲಿ ಕುಳಿತಿದ್ದೆ.

"ಒಸಿ ಇಲ್ನೋಡಿ, ನಳಿಗೆ ಬೆವರ್ತಾ ಅದೆ" ಎಂದು ಅಣ್ಣನನ್ನು ಕರೆದಳು.

ಅಣ್ಣ ಎಡಗೈಯಲ್ಲಿ ಹಿಡಿಯುವ ಜಾಗದಲ್ಲಿ ಹನಿಗಳು ಸಾಲಾಗಿ ಮೂಡಿದ್ದವು. ಅತ್ತಿಗೆ ಸೆರಗಿನಿಂದ ಒರೆಸಿದಳು. ಮತ್ತೆ ಮೂಡಿದವು. ಕಬ್ಬಿಣ ಒಳಗಿಂದ ಬಿರುಕು ಬಿಟ್ಟಿದೆ ಎಂದು ನನಗೆ ಹೊಳೆಯಿತು.

"ನೀನೇ ಚೆಲ್ಲಿರ್ತೀಯ, ತಗಾ" ಎಂದ ಅಣ್ಣ. ನನ್ನ ಕಡೆ ತಿರುಗಿ, "ಏನ್ಲಾ?" ಎಂದ.

ನಳಿಗೆ ಒಡೆದಿದೆ, ಹಾರಿಸಬೇಡ ಎಂದರೆ ಮದ್ದು ಎಲ್ಲಿಂದ ತಂದೆ ಎಂಬ ಮಾತು ಏಳುತ್ತದೆ. ಸಾಹುಕಾರರ ಕಿವಿಗೆ ಬಿದ್ದರೆ ನನ್ನ ಕೆಲಸ ಹೋಗುತ್ತದೆ.

"ಚೆಲ್ಲಿರ್ಬೇಕು ಕಣಣ್ಣ" ಎಂದೆ.

ಮೂರನೆಯ ದಿನ ಸಂಜೆ ಅಣ್ಣ ಕೋವಿ ಹೊತ್ತು ಹಂದಿ ಕಾಯಲು ಹೋಗಿದ್ದಾಗ ಹೊಲದ ಕಡೆಯಿಂದ ಸದ್ದು ಬಂತು. ಅದು ಈಡಿನ ಸದ್ದಲ್ಲ, ನಳಿಗೆ ಸಿಡಿದ ಸದ್ದು. ಅತ್ತಿಗೆ ಮೊರ ಬಿಸಾಕಿ ಓಡಿದಳು. ನಾನು ಜಗಲಿ ಬಿಟ್ಟು ಇಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ಮದ್ದು ಎಲ್ಲಿಯದೆಂದು ಪೊಲೀಸರು ಕೇಳಿದರು. ಅಣ್ಣ ನನ್ನ ಕಡೆ ಕಣ್ಣೆತ್ತಲೂ ಇಲ್ಲ. "ಸಂತೇಲಿ ಯಾವನೋ ಮಾರ್ತಿದ್ದ ಸ್ವಾಮಿ, ನಾನೇ ತಕಂಡೆ" ಎಂದ. ಮಂಚದ ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಲೈಸೆನ್ಸು ಹೋಯಿತು, ಕೇಸೂ ಅವನ ಮೇಲೇ ಬಿತ್ತು. ನನ್ನ ಕೆಲಸ ಉಳಿಯಿತು, ಥೂ.

ಮನೆಗೆ ಬಂದ ಮೇಲೆ ಅತ್ತಿಗೆ ಒಂದೇ ಸಲ ಕೇಳಿದಳು: "ಅವತ್ತು ನೀನೂ ಕಂಡೆ, ಅಲ್ವಾ?"

ನಾನು ಎದ್ದು ಹೊರಟೆ. ಅಲ್ಲಿಂದಾಚೆ ಆ ಮನೆಯ ಹೊಸಿಲು ತುಳಿದಿಲ್ಲ. ಅಣ್ಣ ಮಾತ್ರ ದಾರಿಯಲ್ಲಿ ಕಂಡಾಗಲೆಲ್ಲ ಇದ್ದೊಂದು ಕೈ ಎತ್ತಿ, "ಬಾರ್ಲಾ, ಉಂಡೋಗು" ಎನ್ನುತ್ತಾನೆ.