ಒಬ್ಬ ಅಪ್ಪನೂ ಹೋಗಲಿಲ್ಲ

ಶಿದ್ರಾಯ ಮಾಸ್ತರ ತೀರಿಕೊಂಡು ಹದಿನೈದು ದಿನವಾಯಿತು. ಬಿಳೂರ ಹತ್ತಿರದ ನಮ್ಮ ಊರಿನವರು ಈಗ ಅವನನ್ನು ದೇವರಂಥವನು ಎನ್ನುತ್ತಿದ್ದಾರೆ. ಅವನನ್ನು ಊರು ಬಿಡಿಸಿದವರೂ ಇವರೇ.

೧೯೪೮ರ ಮಾತು. ಹೈದರಾಬಾದಿನ ಕಡೆಯಿಂದ ನಿಜಾಮನ ರಜಾಕಾರರ ಹಾವಳಿಯ ಸುದ್ದಿಗಳು ದಿನಾ ಬರುತ್ತಿದ್ದವು. ಅರಳೆ ಹಿಂಜುವ ಯಾಕೂಬನ ಮಗಳು ಬಿಸ್ಮಿಲ್ಲಾ ಮೂರನೆಯ ಇಯತ್ತೆಯಲ್ಲಿದ್ದಳು. ಹುಡುಗರು ಅವಳನ್ನು ರಜಾಕಾರ ಎಂದು ಕರೆದು ಅವಳು ಬರೆಯುವ ಪಾಟಿ ಒಡೆದರು. ಮುಂದೆ ನಿಂತವನು ನನ್ನ ಮಗ ರೇವಪ್ಪ. ಯಾಕೂಬ ಮಗಳನ್ನು ಸಾಲೆ ಬಿಡಿಸಿದ. ಶಿದ್ರಾಯ ಹುಡುಗರಿಗೆ ಹೊಡೆಯಲಿಲ್ಲ. ಆ ಮಾತು ಎಲ್ಲಿ ಕಲಿತಿರಿ ಎಂದು ಕೇಳಿದ. ಮನೆಯಲ್ಲಿ ಎಂದರು. ಅವಳನ್ನು ಸಾಲೆಗೆ ಮರಳಿ ತರುವುದೇ ಅಂದಿನಿಂದ ಅವನ ಹಟವಾಯಿತು.

ನಮ್ಮಲ್ಲಿ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟರೆ ಹಗೆಯವನೂ ಬೇಡ ಎನ್ನುವಂತಿಲ್ಲ. ಅದನ್ನೇ ನೆಚ್ಚಿ ಶಿದ್ರಾಯ ನಲವತ್ತು ಮಕ್ಕಳ ಕೈಗೆ ಬನ್ನಿ ಕೊಟ್ಟು ಯಾಕೂಬನ ಮನೆಗೆ ಸಾಲಾಗಿ ಕರೆದೊಯ್ದ. ನಾವು ಅಪ್ಪಂದಿರು ಎದುರಿನ ಗುಡಿಯ ಕಟ್ಟೆಯ ಮೇಲೆ ಕುಳಿತು ನೋಡಿದೆವು.

“ಮಾಸ್ತರ ಬರೂ ವರ್ಷ ಗಡ್ಡಾ ಬಿಡ್ತಾನ ನೋಡ್ರಿ,” ಎಂದ ಶಂಕರೆಪ್ಪ. ಎಲ್ಲರೂ ನಕ್ಕೆವು.

ಯಾಕೂಬ ಹೊಸ್ತಿಲಲ್ಲೇ ನಿಂತ. ಕೈ ಚಾಚಲಿಲ್ಲ.

“ನಿಮ್ಮ ಮ್ಯಾಲ ನಂದೇನಿಲ್ರಿ ಮಾಸ್ತರ. ಖರೆ, ಕೂಸುಗಳ ಕೈಲೆ ಯಾಕ ಕಳಸ್ಯಾರ? ಕಟ್ಟಿ ಮ್ಯಾಲ ಕುಂತಾರಲ್ಲ, ಅವರಾಗ ಒಬ್ಬಾಂವರ ಬರ್ಲಿ. ಮರುದಿನಾನ ಹುಡುಗೀನ ಸಾಲಿಗಿ ಕಳಸ್ತೀನಿ.”

ಶಿದ್ರಾಯ ಮನೆಮನೆಗೆ ಹೋಗಿ ಕೇಳಿದ. ಕೆಲವರು ಬಾಗಿಲಲ್ಲೇ ಬೈದರು. ಶಂಕರೆಪ್ಪ ನಾಯಿ ಛೂ ಬಿಟ್ಟ. ನನ್ನ ಮನೆಗೆ ಕಡೆಗೆ ಬಂದ, ಗೆಳೆಯನೆಂಬ ಧೈರ್ಯದಿಂದ.

“ನೀ ಒಬ್ಬಾಂವ ಬಂದ್ರ ಸಾಕೋ ಗೊಲ್ಲಾಳ,” ಎಂದ.

ಊರು ಸ್ವಲ್ಪ ತಣ್ಣಗಾಗಲಿ ಎಂದೆ. ವಚನಗಳನ್ನು ಅವನಿಗಿಂತ ಹೆಚ್ಚು ಓದಿಕೊಂಡವನು ನಾನು.

ಸಾಲೆ ಬಿಟ್ಟ ಮೇಲೆ ಅವನು ಯಾಕೂಬನ ಜಗಲಿಯಲ್ಲಿ ಕುಳಿತು ಆ ಒಬ್ಬಳಿಗೇ ಕಲಿಸತೊಡಗಿದ. ಊರಿನವರು ಮೇಲಿನವರಿಗೆ ಅರ್ಜಿ ಬರೆದರು. ಅದರಲ್ಲಿ ನನ್ನ ಸಹಿಯೂ ಇತ್ತು. ಯುಗಾದಿಯ ಹೊತ್ತಿಗೆ ಅವನಿಗೆ ಬೇರೆ ಊರಿಗೆ ಬದಲಿಯಾಯಿತು. ಎಂಟು ವರ್ಷ ಊರೂರು ಅಲೆದು, ಮುಚ್ಚಂಡಿಯಲ್ಲಿ ಕಾಮಾಲೆಯಿಂದ ಸತ್ತ.

ಮಣ್ಣು ಕೊಟ್ಟು ಬಂದ ಮರುದಿನ ಯಾಕೂಬನ ಮನೆಗೆ ಹೋದೆ. ಅವನ ಹೆಂಡತಿ ಗೌಸಬಿ ಹೊರಬಂದಳು. ಕುಂದ್ರಿ ಎನ್ನಲಿಲ್ಲ. ಬಿಸ್ಮಿಲ್ಲಾ ಮತ್ತೆ ಸಾಲೆಯ ಮುಖ ನೋಡಲಿಲ್ಲ, ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ ಎಂದಳು. ನಾನು ಮಾಸ್ತರನ ಸುದ್ದಿ ತೆಗೆದೆ.

“ಗೊತ್ತೈತ್ರಿ. ನಮ್ಮ ಮನಿಯವರು ಮಣ್ಣಿಗಿ ಬಂದಿದ್ರು. ನಿಮ್ಮ ಮಂದಿ ದೂರ ನಿಲ್ಲು ಅಂದ್ರಂತ. ನೀವೂ ಅಲ್ಲೇ ಇದ್ರಿ,” ಎಂದು ಬಾಗಿಲು ಮುಂದೆ ಮಾಡಿದಳು.